ಅವಳು ನುಂಗಿದ ಮಾತ್ರೆ

ಮನುಷ್ಯ ತಾನು ದಪ್ಪಗಾಗಿದ್ದೇನೆ ಎಂಬುದನ್ನು ಎಲ್ಲರಿಗಿಂತ ಕಡೆಗೆ ನಂಬುತ್ತಾನೆ. ಪುಣೆಯ ನೀರಿಗೆ ಅಂಗಿಗಳು ಕುಗ್ಗುತ್ತವೆ ಎಂದು ನಾನು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಅಲ್ಲಿನ ಕ್ಯಾಂಪ್ ಬಡಾವಣೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವವನಾದ್ದರಿಂದ ಬಟ್ಟೆಯ ವಿಷಯದಲ್ಲಿ ನನ್ನ ಮಾತನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಆದರೆ ನನ್ನ ಹೆಂಡತಿ ಸುಮಂಗಲಾಳ ಸೀರೆಗಳಿಗೂ ಅದೇ ಕಾಯಿಲೆ ತಗುಲಿ, ಉಡುವಾಗ ನೆರಿಗೆಗಳು ಕಡಿಮೆ ಬೀಳತೊಡಗಿದವು. ಮಹಡಿ ಹತ್ತುವಾಗ ನಾವಿಬ್ಬರೂ ನಡುವೆ ನಿಂತು, ಉಸಿರು ಬರುವ ತನಕ ಪಕ್ಕದ ಮನೆಯವರ ತುಳಸಿ ಗಿಡವನ್ನು ಹೊಗಳುತ್ತಿದ್ದೆವು. ಒಂದು ದಿನ ಆ ಮನೆಯಾಕೆ ಗಿಡವನ್ನೇ ನಮಗೆ ಕೊಡಲು ಬಂದಾಗ ಡಾಕ್ಟರ ಹತ್ತಿರ ಹೋಗುವುದೇ ಲೇಸು ಎನಿಸಿತು.

ತೂಕ ಇಳಿಸುವ ಮಾತ್ರೆಗಳು ಆಗಷ್ಟೇ ಬಂದಿದ್ದವು. ಸ್ವಾರಗೇಟ ಹತ್ತಿರದ ನಮ್ಮ ಡಾಕ್ಟರಬಾಯಿ ಕಡ್ಡಿಯಂಥ ಹೆಂಗಸು. ನಮ್ಮಿಬ್ಬರನ್ನೂ ತೂಗಿ, ಮರಾಠಿಯಲ್ಲಿ ಸಾವಕಾಶವಾಗಿ ವಿವರಿಸಿದರು: "ಎರಡು ಔಷಧಗಳಿವೆ. ಒಂದು, ತಿಂದ ಎಣ್ಣೆ-ತುಪ್ಪ ಮೈಗೆ ಹತ್ತದಂತೆ ತಡೆಯುತ್ತದೆ. ಹತ್ತದೆ ಉಳಿದದ್ದು ಹೊರಗೆ ಹೋಗಲೇಬೇಕಲ್ಲ? ಎಣ್ಣೆ ಜಾಸ್ತಿಯಾದರೆ ಹೇಳದೆ ಕೇಳದೆ ಹೋಗುತ್ತದೆ. ಇನ್ನೊಂದು ಹಸಿವೆಯನ್ನೇ ಅಡಗಿಸುತ್ತದೆ. ಅದಕ್ಕೆ ಬಿ.ಪಿ. ಸರಿಯಾಗಿರಬೇಕು."

ನಮ್ಮ ಅಂಗಡಿಯಲ್ಲಿ ದಿನವಿಡೀ ಕೂರುವುದು ಬಿಳಿಯ ಗಾದಿಯ ಮೇಲೆ. ನಾನು ತಡಮಾಡದೆ ಎರಡನೆಯದನ್ನು ಬೇಡಿದೆ. ಬಿ.ಪಿ. ನೋಡಿದರು. ನನ್ನದು ಏರಿತ್ತು, ಸುಮಂಗಲಾಳದು ಸರಿಯಿತ್ತು. ಹಸಿವೆಯ ಮಾತ್ರೆ ಅವಳಿಗೆ ಹೋಯಿತು, ಎಣ್ಣೆಯದು ನನ್ನ ಪಾಲಿಗೆ ಬಂತು. ಎಣ್ಣೆ ಬೇಡುವ ನನ್ನ ಬಾಗಲಕೋಟೆ ಕಡೆಯ ನಾಲಿಗೆ, ಬಿಳಿಯ ಗಾದಿ ಮತ್ತು ಆ ಮಾತ್ರೆ, ಮೂರೂ ಒಟ್ಟಿಗೆ ಬಾಳುವಂಥವಲ್ಲ. ಗಿರಾಕಿಗಳ ಮುಂದೆ ಕೆಮ್ಮಲೂ ಹೆದರಿ ಎರಡು ದಿನ ಕಳೆದೆ. ಮೂರನೆಯ ದಿನ ಡಬ್ಬಿಯನ್ನು ಕಪಾಟಿನಲ್ಲಿಟ್ಟು, "ಇದು ನನ್ನ ಕೈಲಾಗೂದಿಲ್ಲ" ಎಂದೆ.

ಸುಮಂಗಲಾಳ ಮಾತ್ರೆ ಮಾತ್ರ ಹೇಳಿದ ಹಾಗೆ ಕೆಲಸ ಮಾಡಿತು. ಮುಂಜಾನೆ ಊಟಕ್ಕೆ ಕೂತು ರಾತ್ರಿಯ ಅಡಿಗೆಯ ಮಾತಾಡುವುದು ನಮ್ಮ ಸಂಸಾರದ ರೂಢಿ. ಬೇರೆ ವಿಷಯಗಳಲ್ಲಿ ನಾವು ಅಷ್ಟೇನೂ ಮಾತಾಡುವವರಲ್ಲ ಎಂಬುದು ನನಗೆ ತಿಳಿದದ್ದೇ ಆಗ. "ಇವತ್ತೇನು?" ಎಂದರೆ, "ಏನರೆ ಮಾಡ್ತೀನ್ರಿ, ಉಣ್ಣೂವ್ರು ನೀವ" ಎನ್ನುತ್ತಿದ್ದಳು. ರುಚಿ ನೋಡುವ ಮನಸ್ಸೇ ಅವಳಿಗಿಲ್ಲದ್ದರಿಂದ ಬೇಳೆಗೆ ಒಂದು ದಿನ ಉಪ್ಪು ಇರುತ್ತಿರಲಿಲ್ಲ, ಮರುದಿನ ಎರಡೂ ದಿನದ್ದು ಇರುತ್ತಿತ್ತು. ನಾನು ಒಬ್ಬನೇ ಉಣ್ಣುವುದು, ಅವಳು ಎದುರಿಗೆ ಕೂತು ಬಾಯಿ ಒಣಗುತ್ತದೆಂದು ನೀರು ಕುಡಿಯುವುದು. ಆಸ್ಪತ್ರೆಯಲ್ಲಿ ರೋಗಿಯ ಮುಂದೆ ತಿಂದಂತಾಗಿ ಅರ್ಧಕ್ಕೇ ಕೈ ತೊಳೆಯುತ್ತಿದ್ದೆ.

ಮತ್ತೆ ಡಾಕ್ಟರ ಬಳಿ ಹೋದಾಗ ಅವಳು ತುಸು ಇಳಿದಿದ್ದಳು, ನಾನು ಅವಳಿಗಿಂತ ಹೆಚ್ಚು ಇಳಿದಿದ್ದೆ. ಡಾಕ್ಟರಬಾಯಿ ಖುಷಿಯಾಗಿ, "ನಿಮಗೆ ಯಾವ ಮಾತ್ರೆ ಕೊಟ್ಟಿದ್ದೆ?" ಎಂದು ಕೇಳಿದರು.

"ಕೊಟ್ಟದ್ದನ್ನು ಬಿಟ್ಟೆ. ನಾನು ಇಳಿದದ್ದು ಇವಳು ನುಂಗಿದ ಮಾತ್ರೆಗೆ" ಎಂದೆ.

ಅವರು ನಕ್ಕರು. ಆದರೆ ಸುಮಂಗಲಾಳ ತೋಳಿಗೆ ಪಟ್ಟಿ ಸುತ್ತಿ ನೋಡಿದಾಗ ನಗು ನಿಂತಿತು. ಬಿ.ಪಿ. ಏರಿತ್ತು. "ಈ ಮಾತ್ರೆ ಇವತ್ತಿನಿಂದಲೇ ಬಂದ್ ಮಾಡಿ" ಎಂದರು. ರಿಕ್ಷಾದಲ್ಲಿ ಬರುವಾಗ ನನಗೆ ಭಾಳ ಹೆದರಿಕೆಯಾಯಿತು. ಅಂಗಿ ಸಡಿಲಾದ ಸಂತೋಷದಲ್ಲಿ ಅವಳ ಮುಖ ಬಾಡಿದ್ದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಅವಳು ನನ್ನ ಮುಖ ನೋಡಿ, "ಏನೂ ಆಗಿಲ್ರಿ, ಸುಮ್ನ ಕೂಡ್ರಿ" ಎಂದಳು. ಅವಳಿಗೆ ನಾನು ಹೇಳಬೇಕಾಗಿದ್ದ ಮಾತು ಅದು.

ದಿನಗಳು ಕಳೆದಂತೆ ಬಿ.ಪಿ. ಇಳಿಯಿತು. ಒಂದು ಮುಂಜಾನೆ ಅಡಿಗೆಮನೆಯಿಂದ ದನಿ ಬಂತು: "ರೀ, ಯಾಕೋ ಎಣ್ಣೆಗಾಯಿ ತಿನ್ನಬೇಕನಸಾಕತ್ತದ. ನಿಮಗ ಬ್ಯಾಡಂದ್ರ ನನಗಷ್ಟ ಮಾಡ್ಕೋತೀನಿ."

ಡಾಕ್ಟರು ಹೇಳಿದ ಪಥ್ಯ ನೆನಪಿಸಬೇಕಾದವನು ನಾನು. ಅಷ್ಟರಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಬದನೆಕಾಯಿ ಎಷ್ಟು ತರ್ಲಿ?" ಎಂದೆ.

"ನೀವು ಇಳದಷ್ಟ ತರ್ರಿ" ಎಂದಳು.

ಒಂದು ಕಿಲೋ ಹೆಚ್ಚೇ ತಂದೆ.