ಶಾಂತಪ್ಪನ ತಲೆಗೆ ಎಣ್ಣೆ

ಬುಧವಾರ ಬೆಳಿಗ್ಗೆ ಶಾಂತಪ್ಪ ಜಗಲಿಯಲ್ಲಿ ಕುಳಿತು ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜುತ್ತಿದ್ದ. ಉಜ್ಜಿದ, ಊದಿದ, ಬಟ್ಟೆಯಿಂದ ಒರೆಸಿದ, ಬೆಳಕಿಗೆ ಹಿಡಿದು ನೋಡಿದ. ಒಂದು ಮಾತೂ ಆಡಲಿಲ್ಲ.

ಒಳಗೆ ರೊಟ್ಟಿ ತಟ್ಟುತ್ತಿದ್ದ ಸರೋಜಳ ಕೈ ನಿಂತಿತು. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳ ಗಂಡ ಮಾತಿಲ್ಲದೆ ಗಾಜು ಒರೆಸಿದ್ದೇ ಇಲ್ಲ. ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರಿತು, ಆರುವ ಮುಂಚೆ ಒಳಗೆ ಏನು ಜಗಳವಾಯಿತು ಎಂಬುದೆಲ್ಲ ಗಾಜು ಹೊಳೆಯುವಷ್ಟರಲ್ಲಿ ಹೇಳಿ ಮುಗಿಸುತ್ತಿದ್ದ. ಅವಳು ಹೊರಗೆ ಬಂದು ನೋಡಿದರೆ, ಗಂಡನ ತಲೆಯಿಂದ ತೆಂಗಿನೆಣ್ಣೆ ಇಳಿದು ಕಿವಿಯ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು.

"ಏನ್ರೀ ಇದು?"

ಶಾಂತಪ್ಪ ಮುಗುಳ್ನಕ್ಕ. ಅದು ಇನ್ನೂ ಭಯ ಹುಟ್ಟಿಸಿತು.

ಶಾಂತಪ್ಪ ಅಮ್ಮತ್ತಿಯ ಹತ್ತಿರದ ಒಂದು ಕಾಫಿ ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರು. ಒಳ್ಳೆಯವನೇ. ನಾಲಿಗೆ ಮಾತ್ರ ಹಗ್ಗ ಬಿಚ್ಚಿದ ಕರುವಿನಂತೆ. ಕ್ರಿಸ್ಮಸ್ಸಿಗೆ ಮುಂಚೆ ತೋಟದ ಮೇಸ್ತ್ರಿ ಜಯಪ್ಪನ ಮಗಳ ಸಂಬಂಧ ಮುರಿಯಿತು. ಗಂಡಿನ ಕಡೆಯವರ ಹತ್ತಿರ ಶಾಂತಪ್ಪ ಏನೋ ಹರಟಿದ್ದೇ ಕಾರಣ ಎಂದು ಜಯಪ್ಪ ಚರ್ಚಿನ ಸಭೆಯ ಮುಂದೆ ದೂರಿದ. ಏನು ಹರಟಿದ್ದೆ ಎಂದು ಶಾಂತಪ್ಪನಿಗೇ ನೆನಪಿರಲಿಲ್ಲ. ಹರಟಿದ್ದಂತೂ ಹೌದು. ಅಂದಿನಿಂದ ಪಾದ್ರಿಗಳು ಅವನನ್ನು ಕರ್ತನ ಭೋಜನಕ್ಕೆ ಸೇರಿಸಲಿಲ್ಲ. ಎಲ್ಲರೂ ಎದ್ದು ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅವನು ಹಿಂದಿನ ಬೆಂಚಿನಲ್ಲಿ ಒಬ್ಬನೇ ಕುಳಿತು ತನ್ನ ಚಪ್ಪಲಿ ನೋಡುತ್ತಿದ್ದ. ನಾಲ್ಕು ತಿಂಗಳು ಹಾಗೆ ಕುಳಿತ.

ಕೊನೆಗೆ ಪಾದ್ರಿಗಳೇ ದಾರಿ ತೋರಿಸಿದರು. ಬುಧವಾರ ಬೆಳಗಿನಿಂದ ದೇವಾಲಯದ ಸಂಜೆಯ ಗಂಟೆಯವರೆಗೆ ಒಂದು ಮಾತೂ ಆಡದಿದ್ದರೆ ಶುಭ ಶುಕ್ರವಾರ ಭೋಜನಕ್ಕೆ ಬರಬಹುದು. ಯಾಕೆ ಸುಮ್ಮನಿದ್ದಾನೆಂದು ಯಾರಿಗೂ ತಿಳಿಯಬಾರದು. "ಬರೆದು ತೋರಿಸಿದರೂ ಅದು ಮಾತೇ" ಎಂದೂ ಹೇಳಿದ್ದರು.

ಉಪವಾಸ ಮಾಡುವವನು ಅದು ಜನರಿಗೆ ಕಾಣದಂತೆ ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕೆಂದು ಯೇಸುಸ್ವಾಮಿ ಹೇಳಿದ್ದು ಶಾಂತಪ್ಪನಿಗೆ ನೆನಪಿತ್ತು. ಮಾತಿನ ಉಪವಾಸವೂ ಉಪವಾಸವೇ ತಾನೆ. ಎಷ್ಟು ಎಣ್ಣೆ ಎಂದು ಸ್ವಾಮಿ ಹೇಳಿರಲಿಲ್ಲ. ಅರ್ಧ ಬಾಟಲಿ ಸುರಿದುಕೊಂಡಿದ್ದ.

ತೋಟದಲ್ಲಿ ಹಾಜರಿಯ ಹೊತ್ತು. ದಿನವೂ ಒಂದೊಂದು ಹೆಸರಿಗೂ ಒಂದೊಂದು ಸುದ್ದಿಯ ಬಾಲ ಕಟ್ಟಿ ಕೂಗುತ್ತಿದ್ದ ರೈಟರು ಈ ದಿನ ಪೆನ್ಸಿಲಿನಿಂದ ಒಬ್ಬೊಬ್ಬರ ಭುಜ ಮುಟ್ಟುತ್ತಾ ಹೋದ. ಎಣ್ಣೆ ತಲೆಯನ್ನು ಇನ್ನೊಮ್ಮೆ ನೋಡಲೆಂದು ಆಳು ನಿಂಗ ಸಾಲಿನ ಕೊನೆಗೆ ಹೋಗಿ ನಿಂತು ಎರಡು ಸಲ ಹಾಜರಾದ. ಕೊಡಗನ್ನು ಮೈಸೂರಿಗೆ ಸೇರಿಸಬೇಕೋ ಬೇಡವೋ ಎಂದು ಎಲ್ಲೆಲ್ಲೂ ವಾದ ನಡೆಯುತ್ತಿದ್ದ ವರ್ಷ ಅದು. ರೈಟರನ್ನು ಮಾತಿಗೆ ಎಳೆಯಲು ಒಬ್ಬ, ಸೇರಿದರೆ ಕಾವೇರಿಯನ್ನೂ ಅತ್ತ ತಿರುಗಿಸುತ್ತಾರಂತೆ ಎಂದ. ಶಾಂತಪ್ಪನ ಕತ್ತಿನ ನರ ಉಬ್ಬಿತು. ಪೆನ್ಸಿಲು ಕಚ್ಚಿ ನಿಂತ. ಅದು ಮುರಿಯಿತು.

ಹತ್ತು ಗಂಟೆಯ ಹೊತ್ತಿಗೆ ರೈಟರ ತಲೆ ಕೆಟ್ಟಿದೆ ಎಂಬ ಸುದ್ದಿ ಆಳುಗಳ ಲೈನುಮನೆಗಳಲ್ಲೆಲ್ಲ ಓಡಾಡಿತು. ಇಲ್ಲದಿದ್ದರೆ ಕೆಲಸದ ದಿನ ಯಾರು ತಲೆಗೆ ಅಷ್ಟು ಎಣ್ಣೆ ಹಾಕುತ್ತಾರೆ? ತೋಟದ ದೊರೆ ಕೆಲಸದಿಂದ ತೆಗೆದರಂತೆ ಎಂದರು ಕೆಲವರು. ಮಾಕುಟ್ಟದ ಕಾಡಿನಲ್ಲಿ ಏನೋ ಹಿಡಿಯಿತಂತೆ ಎಂದರು ಇನ್ನು ಕೆಲವರು. ಶಾಂತಪ್ಪ ಮಾಕುಟ್ಟ ನೋಡಿಯೇ ಇರಲಿಲ್ಲ.

ಅವನನ್ನು ಮನೆಗೆ ಕರೆತಂದು ಮಲಗಿಸಿದರು. ತೋಟದ ಆಸ್ಪತ್ರೆಯ ಕಾಂಪೌಂಡರ್ ಕುಶಾಲಪ್ಪ ಬಂದು ಚಮಚದಿಂದ ನಾಲಿಗೆ ಒತ್ತಿ 'ಆ' ಅನ್ನಲು ಹೇಳಿದ. 'ಆ' ಎಂಬುದು ಮಾತೋ ಅಲ್ಲವೋ ಎಂದು ಪಾದ್ರಿಗಳನ್ನು ಕೇಳಿರಲಿಲ್ಲ. ಶಾಂತಪ್ಪ ಸದ್ದಿಲ್ಲದೆ ಬಾಯಿ ತೆರೆದ.

"ನಾಲಿಗೆ ಸರಿಯಾಗೇ ಉಂಟು," ಎಂದ ಕುಶಾಲಪ್ಪ. "ಇಷ್ಟು ದಿನ ದುಡಿದದ್ದಕ್ಕೆ ಸುಸ್ತಾಗಿರ್ಬೇಕು."

ಎರಡು ಔನ್ಸು ಹರಳೆಣ್ಣೆ ಕುಡಿಸಿದ. ಹೊರಗೆ ಒಂದು ಎಣ್ಣೆ, ಒಳಗೆ ಒಂದು ಎಣ್ಣೆ ಆಗಿ ಶಾಂತಪ್ಪ ಹಿತ್ತಲಿಗೂ ಮಂಚಕ್ಕೂ ಓಡಾಡತೊಡಗಿದ. ಆಗ ಪಕ್ಕದ ಮನೆಯ ಬೊಳ್ಳಮ್ಮ ಒಣಮೆಣಸು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಕ್ರೈಸ್ತರ ಮನೆಯಲ್ಲಿ ಇದೆಲ್ಲ ಬೇಡವೆನ್ನಲು ಸರೋಜಳಿಗೆ ಧೈರ್ಯ ಬರಲಿಲ್ಲ. ಕೆಂಡದ ತಟ್ಟೆಯನ್ನು ಅವಳೇ ಹಿಡಿದಿದ್ದಳು. ಹೊಗೆಗೆ ಎಲ್ಲರೂ ಕೆಮ್ಮಿದರು. ಶಾಂತಪ್ಪನೂ ಕೆಮ್ಮಿದ.

ಬೊಳ್ಳಮ್ಮ ತಲೆ ಅಲ್ಲಾಡಿಸಿ ತನ್ನ ಅರೆಭಾಷೆಯಲ್ಲಿ ಹೇಳಿದಳು. "ಕೆಮ್ಮು ಉಟ್ಟು ಮಾರಾಯ್ತಿ. ಮಾತು ಮಾತ್ರ ಇಲ್ಲೆ."

ಸರೋಜ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಶಾಂತಪ್ಪನಿಗೆ ಬಾಗಿಲ ಸಂದಿಯಿಂದ ಕಂಡಿತು. ಒಂದೇ ಒಂದು ಮಾತು ಹೇಳಿಬಿಡೋಣ ಎನಿಸಿತು. ಹಿಂದಿನ ಬೆಂಚು ನೆನಪಾಯಿತು. ಗೋಡೆಯ ಕಡೆ ತಿರುಗಿ ಮಲಗಿದ.

ನಾಲ್ಕು ಗಂಟೆಗೆ ಜಯಪ್ಪ ಬಂದ. ನಾಲ್ಕು ತಿಂಗಳಿಂದ ಮುಖ ತಿರುಗಿಸಿ ನಡೆಯುತ್ತಿದ್ದವನು ಮಂಚದ ತುದಿಯಲ್ಲಿ ಕುಳಿತು, ಸರೋಜಳನ್ನು ನೀರು ತರಲು ಕಳಿಸಿ, ಶಾಂತಪ್ಪನ ಕೈ ಹಿಡಿದುಕೊಂಡ.

"ಶಾಂತಪ್ಪಣ್ಣ, ನಿಂಗೆ ಕೇಳಿಸ್ತದೋ ಇಲ್ವೋ. ಹೇಳಿಬಿಡ್ತೇನೆ. ಆ ಸಂಬಂಧ ನಿನ್ನ ಮಾತಿಂದ ಮುರಿದದ್ದಲ್ಲ. ಹುಡುಗ ಕುಡೀತಾನೆ ಅಂತ ಗೊತ್ತಾಗಿ ನಾನೇ ಬೇಡ ಅಂದೆ. ಅವರೂ ದೊಡ್ಡ ಜನ, ನಿಷ್ಠುರ ಬೇಡ ಅಂತ ನಿನ್ನ ಬಾಯಿ ಮೇಲೆ ಹಾಕಿದೆ. ನಿನ್ನ ಬಾಯಿ ಅಂದ್ರೆ ಎಲ್ರೂ ನಂಬ್ತಾರಲ್ಲ."

ಶಾಂತಪ್ಪ ಎದ್ದು ಕುಳಿತ. ಕಣ್ಣು ಅಗಲವಾದವು. ಹೊಟ್ಟೆಯಿಂದ ಗಂಟಲಿನವರೆಗೆ ನಾಲ್ಕು ತಿಂಗಳ ಮಾತು ಒಟ್ಟಿಗೇ ಏರಿ ಬಂದು ಹಲ್ಲಿಗೆ ಬಡಿಯಿತು. ಸಂಜೆಯ ಗಂಟೆಗೆ ಇನ್ನೂ ಎರಡು ತಾಸು. ಹೆಗಲ ಮೇಲಿದ್ದ ಟವೆಲನ್ನು ಬಾಯಿಗೆ ತುರುಕಿಕೊಂಡ. ರೋಗ ಏರಿತೆಂದು ಜಯಪ್ಪ ಪಾದ್ರಿಗಳ ಮನೆಗೆ ಓಡಿದ.

ಸಂಜೆ ನಾಲ್ಕು ಜನ ಹಿಡಿದುಕೊಂಡು ಶಾಂತಪ್ಪನನ್ನು ದೇವಾಲಯಕ್ಕೆ ಕರೆತಂದರು. ನೋಡಲೆಂದು ಬೊಳ್ಳಮ್ಮನೂ ಬಂದಳು. ಗಂಟೆ ಬಡಿಯಿತು. ಪಾದ್ರಿಗಳು ಪ್ರಾರ್ಥನೆ ಮುಗಿಸಿದರು.

"ಆಮೆನ್," ಎಂದ ಶಾಂತಪ್ಪ, ಛಾವಣಿಯ ಹೆಂಚು ಅದುರುವಂತೆ.

ಎಲ್ಲರೂ ತಿರುಗಿದರು. ಸರೋಜ ಅಳುತ್ತಲೇ ನಕ್ಕಳು. ಊರಿಗೆ ಊರೇ ಸಮಾಧಾನದ ಉಸಿರು ಬಿಟ್ಟಿತು. ಪಾದ್ರಿಗಳು ಮಾತಿನ ಉಪವಾಸದ ಸಂಗತಿಯೆಲ್ಲ ಬಿಡಿಸಿ ಹೇಳಿ, ಶುಕ್ರವಾರ ಶಾಂತಪ್ಪ ಮುಂದಿನ ಬೆಂಚಿನಲ್ಲಿ ಕೂರಲಿ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಬೆಳಗಿನಿಂದ ನನ್ನ ಹತ್ತಿರ ಹನ್ನೆರಡು ಜನ ಹನ್ನೆರಡು ಕತೆ ತಂದಿರಿ. ಇವತ್ತು ಬಾಯಿ ಮುಚ್ಚಿಕೊಂಡಿದ್ದವನು ಇವನೊಬ್ಬನೇ. ಈಗ ಇನ್ನೊಂದು ಗಂಟೆ ಹೊಡೀತೇನೆ. ನಾಳೆ ಸಂಜೆವರೆಗೆ ಸುಮ್ಮನಿರೋ ಸರದಿ ನಿಮ್ಮದು, ಇವನದ್ದಲ್ಲ."

ಹೇಳಬೇಕಾದ್ದನ್ನೆಲ್ಲ ಹೇಳಲು ಶಾಂತಪ್ಪ ಎದ್ದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಾದ್ರಿಗಳು ಗಂಟೆ ಬಾರಿಸಿಯೇಬಿಟ್ಟರು. ತನ್ನ ಬಾಯಿಗೂ ಒಂದು ದಿನ ರಜೆ ಇರಲಿ ಎಂದು ಬೊಳ್ಳಮ್ಮನೂ ತುಟಿಗೆ ಬೆರಳಿಟ್ಟಳು.

ಮನೆಗೆ ಹಿಂತಿರುಗುವ ದಾರಿಯಲ್ಲಿ ಕಾಫಿ ಹೂವಿನ ಪರಿಮಳ. ನಲವತ್ತು ಜನ, ಎಂಬತ್ತು ಕಿವಿ, ಎದುರಾಡುವವರು ಯಾರೂ ಇಲ್ಲ. ತನ್ನ ಗುಟ್ಟು ಈಗ ಹೊರಬೀಳುತ್ತದೆಂದು ಜಯಪ್ಪ ಹೆದರಿದ ಕಣ್ಣಿನಿಂದ ಪಕ್ಕದಲ್ಲೇ ನಡೆಯುತ್ತಿದ್ದ. ಶಾಂತಪ್ಪ ಬಾಯಿ ತೆರೆದ. ಹೌದಾ ಎನ್ನುವವರಿಲ್ಲ, ಆಮೇಲೇನಾಯ್ತು ಎನ್ನುವವರಿಲ್ಲ. ಅದು ದೇವರ ಕೃಪೆಯೋ, ಹೂಂಗುಟ್ಟುವವರಿಲ್ಲದ ಕಷ್ಟವೋ, ಆ ಗುಟ್ಟು ಹೊರಗೆ ಬರಲೇ ಇಲ್ಲ. ಈ ಸಲ ಹೂ ಚೆನ್ನಾಗಿದೆ ಎಂದಷ್ಟೇ ಹೇಳಿದ. ಜಯಪ್ಪ ಅವನ ಹೆಗಲ ಮೇಲೆ ಕೈ ಹಾಕಿ, ಎಣ್ಣೆ ಅಂಟಿದ್ದಕ್ಕೆ ಪಂಚೆಗೆ ಒರೆಸಿಕೊಂಡ.

ಮನೆಯಲ್ಲಿ ಸರೋಜ ಲಾಟೀನು ಹಚ್ಚಿ, ನಾಳೆ ಸಂಜೆಯವರೆಗೆ ಯಾವ ಮಾತಿಗೂ ಉತ್ತರ ಕೊಡಬೇಕಿಲ್ಲದ ನೆಮ್ಮದಿಯಲ್ಲಿ ಒಲೆಯ ಮುಂದೆ ಕುಳಿತಳು. ಗಾಜು ಹೊಳೆಯುತ್ತಿತ್ತು. ಶಾಂತಪ್ಪ ಬಚ್ಚಲಿನ ಬಾಗಿಲಲ್ಲಿ ನಿಂತ.

"ಸರೋಜ, ತಲೆ ತೊಳ್ಕೊಳ್ಳೋಕೆ ಸೀಗೆಪುಡಿ ಎಲ್ಲಿದೆ ಸ್ವಲ್ಪ ಹೇಳು."