ಅತ್ತೆಯ ಕುರ್ರಿಗೆ ನಾನು ಮಾಡಿದ ರಿಪೇರಿ

"ಕು… ಟಪ್… ರ್… ಟಪ್… ಟಪ್… ರ್!"

ಭಾನುವಾರ ಬೆಳಿಗ್ಗೆ ಜತ್ತಿನ ನಮ್ಮ ಮನೆಯ ಕಂಪ್ಯೂಟರ್ ಸ್ಪೀಕರಿನಿಂದ ಹೊರಬಿದ್ದ ಸದ್ದು ಇದು. ಒಗ್ಗರಣೆಗೆ ಬಿದ್ದ ಸಾಸಿವೆಯಲ್ಲ, ಸೈಲೆನ್ಸರ್ ಒಡೆದ ಮೋಟಾರ್‌ಸೈಕಲ್ಲೂ ಅಲ್ಲ. ಅದು ನನ್ನ ಧರ್ಮಪತ್ನಿ ದಾಕ್ಷಾಯಣಿಯ ಧ್ವನಿ! ಮೈಕಿನ ಮುಂದೆ ಬಾಗಿ ಆಕೆ ನಯವಾಗಿ ಹೇಳಿದ್ದು "ಕುರ್ರ್" ಎಂಬ ಒಂದೇ ಮಾತು. ಯಂತ್ರ ಅದನ್ನು ಮುದ್ರಿಸಿಕೊಂಡು, ತುಂಡರಿಸಿ, ಹುರಿದು ವಾಪಸು ಕೊಟ್ಟಿತ್ತು.

"ಹೆದರಬ್ಯಾಡ," ಎಂದೆ ನಾನು, ಬನಿಯನ್ನಿಗೆ ತೋಳೇ ಇಲ್ಲದಿದ್ದರೂ ತೋಳೇರಿಸುತ್ತ. "ಎಮ್‌ಎಸ್‌ಸಿಐಟಿ ಕಂಪ್ಯೂಟರ್ ಪರೀಕ್ಷಾ ಪಾಸಾದ ಮಾಸ್ತರ ಅದೀನಿ. ಮಧ್ಯಾಹ್ನದೊಳಗ ಈ ಕಂಪ್ಯೂಟರಿನ ಗಂಟಲಾ ತೊಳದ ಇಡ್ತೀನಿ. ಇಡಲಿಲ್ಲಂದ್ರ, ನೋಡು, ಆಣಿ ಮಾಡಿ ಹೇಳ್ತೀನಿ…"

"ಆಣಿ ಮಾಡಬ್ಯಾಡ್ರಿ. ಮಿಕ್ಸರ್ ಬಿಚ್ಚುಮುಂದ ಮಾಡಿದ ಆಣೀನ ಇನ್ನಾ ಹಂಗ ಅದ. ಮಿಕ್ಸರೂ ಹಂಗ ಅದ."

ವಿಷಯ ಸಣ್ಣದಲ್ಲ, ಓದುಗರೇ. ದಾಕ್ಷಾಯಣಿಯ ಒಬ್ಬನೇ ತಮ್ಮ ಶಿವಶರಣನಿಗೆ ಹೆಣ್ಣು ಮಗು ಹುಟ್ಟಿತ್ತು. ಅಂದು ಮಧ್ಯಾಹ್ನ ವಳಸಂಗದಲ್ಲಿ, ಅವನ ಹೆಂಡತಿ ಶೈಲಾಳ ತವರಿನಲ್ಲಿ, ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ನಮ್ಮ ಕಡೆ ಹೆಸರಿಡುವ ಹಕ್ಕು ಅಪ್ಪನ ಅಕ್ಕತಂಗಿಯರದು. ಅತ್ತೆಯಾದವಳು ಹೆಸರನ್ನು ಮನಸ್ಸಿನಲ್ಲೇ ಆರಿಸಿಕೊಂಡು, ತೊಟ್ಟಿಲಿಗೆ ಬಾಗಿ, ಮಗುವಿನ ಕಿವಿಯಲ್ಲಿ "ಕುರ್ರ್" ಎಂದು ಆ ಹೆಸರನ್ನು ಉಸುರುತ್ತಾಳೆ. ಉಸುರಿದ ಮರುಕ್ಷಣವೇ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ದಬದಬ ಗುದ್ದುತ್ತಾರೆ! ಯಾಕೆ ಗುದ್ದುತ್ತಾರೆ ಎಂದು ಕೇಳಬೇಡಿ. ಗುದ್ದಿಸಿಕೊಂಡ ಯಾವ ಅತ್ತೆಯೂ ಇದುವರೆಗೆ ಕೇಳಿಲ್ಲ. ಆ ಗುದ್ದಿಗಾಗಿ ದಾಕ್ಷಾಯಣಿ ತಮ್ಮನ ಮದುವೆಯ ದಿನದಿಂದ ಬೆನ್ನು ಕಾದಿರಿಸಿಕೊಂಡಿದ್ದಳು. ಹೆಸರನ್ನೂ ಆರಿಸಿದ್ದಳು. ನನಗೂ ಅದರ ಸುಳಿವು ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಆಕೆಗೆ ಕಣ್ಣು ಬಂದವು! ಎರಡೂ ಕಣ್ಣು ಕೆಂಪು ಮೆಣಸಿನಕಾಯಿ. ಅಂಟುವ ಬೇನೆ, ಕೂಸಿನ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಕಪ್ಪು ಕನ್ನಡಕ ಹಾಕಿಸಿ ಕಳುಹಿಸಿದರು. ಸುದ್ದಿ ವಳಸಂಗಕ್ಕೆ ಮುಟ್ಟುವ ಮೊದಲೇ ದಾಕ್ಷಾಯಣಿಯ ಚಿಕ್ಕಪ್ಪನ ಮಗಳು ಉಮಾಶ್ರೀ ಫೋನು ಮಾಡಿದಳು: "ಅಕ್ಕಾ, ನೀ ಏನೂ ಚಿಂತಿ ಮಾಡಬ್ಯಾಡ. ಹೆಸರ ನಾ ಇಡ್ತೀನಿ. ಸೀರಿನೂ ತಗೊಂಡೀನಿ."

ಕಪ್ಪು ಕನ್ನಡಕದ ಕೆಳಗಿನಿಂದ ಎರಡು ಹನಿ ಉರುಳಿದವು. ಔಷಧದ ಹನಿಯಲ್ಲ. ಅದನ್ನು ಕಂಡು ನನ್ನ ಎದೆ ಬೆಣ್ಣೆಯಾಗಿಹೋಯಿತು. ಅದೇ ಬೆಣ್ಣೆಯಲ್ಲಿ ನಿಂತು ಘೋಷಿಸಿದೆ: "ಕಿವಿ ವಳಸಂಗದಾಗ ಇರ್ಲಿ, ಬಾಯಿ ಜತ್ತಿನ್ಯಾಗ ಇರ್ಲಿ! ನಡುವ ನಾ ಅದೀನಿ, ನನ್ನ ಕಂಪ್ಯೂಟರ್ ಅದ!"

"ಫೋನಿನ್ಯಾಗ ಹೇಳಿದ್ರ ಆಗಂಗಿಲ್ಲೇನ್ರಿ?"

"ಛೆ ಛೆ! ಈ ಕಣ್ಣಿಗೆ ಅಂಗೈಯಷ್ಟ ಫೋನಿನ್ಯಾಗ ಕೂಸಿನ ಮಾರಿ ಕಾಣ್ತದೇನು? ದೊಡ್ಡ ಪರದಿ ಮ್ಯಾಲೆ ನೋಡ್ಕೋತ ಹೇಳು, ರಾಣಿ ಹಂಗ!"

ಬೆನ್ನು ಇಲ್ಲೇ ಉಳಿಯುವುದರಿಂದ ಗುದ್ದಿನ ವ್ಯವಸ್ಥೆಯೂ ಇಲ್ಲೇ ಆಗಬೇಕಿತ್ತು. ಪಕ್ಕದ ಮನೆಯ ಶೇವಂತಾಬಾಯಿಗೆ ಹೇಳಿದ್ದೆವು. ಆಕೆ ಬೆಳಗಿನ ಚಹಾಕ್ಕೇ ಬಂದು, ಬಳೆಗಳನ್ನು ಮೊಳಕೈವರೆಗೆ ಸರಿಸಿ, ದಾಕ್ಷಾಯಣಿಯ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟಳು.

ಆಮೇಲೆ ಶುರುವಾಯಿತು ನನ್ನ ತಪಾಸಣೆ. ಕಂಪ್ಯೂಟರಿನ ನಾಡಿ ಹಿಡಿಯುವ ಒಂದು ಪ್ರೋಗ್ರಾಮನ್ನು ಇಳಿಸಿಕೊಂಡೆ. ಒಳಗಿನ ಕೆಲಸ ತಡವಾದಾಗಲೆಲ್ಲ ಅದರಲ್ಲಿ ಒಂದು ಪಟ್ಟಿ ಮೇಲೇಳುತ್ತದೆ. ಹಸಿರಾದರೆ ಕ್ಷೇಮ, ಕೆಂಪಾದರೆ ರೋಗ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಆ ಪಟ್ಟಿಗಳೂ ಕೆಂಪು, ದಾಕ್ಷಾಯಣಿಯ ಕಣ್ಣೂ ಕೆಂಪು.

"ಏನಾಗೇದ್ರಿ ಇದಕ್ಕ?"

"ಲೇಟೆನ್ಸಿ!" ಎಂದೆ, ಮಂತ್ರ ಕಂಡ ಋಷಿಯಂತೆ. "ತಡ ಆಗೂ ರೋಗ. ಈಗ ನೋಡು, ಹಿಟ್ಟಿನ ಗಿರಣಿ ಅನ್ಕೋ. ಒಬ್ಬಾಂವ ಜ್ವಾಳದ ದೊಡ್ಡ ಚೀಲಾ ತಂದು ಸುರುವಿ, ಆಕಡಿ ಈಕಡಿ ಸರಿವಲ್ಲ. ಅವನ ಹಿಂದ ನಿನ್ನ ದನಿ ಸಣ್ಣ ಪುಟ್ಟಿ ಹಿಡಕೊಂಡು ನಿಂತದ. ಪಾಳೆ ಬರೂದ್ರಾಗ ಹೊತ್ತ ಮೀರ್ತದ. ಹಂಗ ಮೀರಿದಾಗ ಟಪ್ ಅಂತದ."

"ಹಂಗಾರ ಆ ಚೀಲದಾಂವಗ ಹೊರಗ ಹಾಕ್ರಿ."

"ಅವ ಯಾರಂತ ಗೊತ್ತಾಗಬೇಕಲ್ಲ!"

ಗೊತ್ತು ಮಾಡಲು ಒಬ್ಬೊಬ್ಬರನ್ನೇ ಹೊರಗೆ ಹಾಕುತ್ತ ಬಂದೆ. ಮೊದಲು ಪ್ರಿಂಟರ್ ಕಿತ್ತೆ.

"ಹೂಂ, ಅನ್ನು."

"ಕುರ್ರ್," ಎಂದಳು ದಾಕ್ಷಾಯಣಿ.

ದಬ್! ಶೇವಂತಾಬಾಯಿಯ ಕೈ ಬಿತ್ತು.

"ಅವ್ವಾ!"

"ಶೇವಂತಾಬಾಯಿ, ಇದು ಖರೇದ್ದಲ್ರಿ! ಬರೇ ತಪಾಸಣಿ!"

"ಹೌದೇನ್ರಿ ಗುರೂಜಿ? ಕುರ್ರ್ ಅಂದ್ರ ಕೈ ತಾನ ಏಳ್ತದ ನೋಡ್ರಿ. ವೈನಿ, ಭಾಳ ನೋವಾತೇನು?"

ಧ್ವನಿಮುದ್ರಣ ಕೇಳಿದೆವು. ಕು ಟಪ್, ರ್ ಟಪ್, ದಬ್ ಟಪ್, ಅವ್ವಾ. ಗುಣವಿಲ್ಲ. ವೈರಸ್ ಕಾಯುವ ಕಾವಲುಗಾರನಿಗೆ ರಜೆ ಕೊಟ್ಟೆ. ಕುರ್ರ್, ದಬ್! ಗುಣವಿಲ್ಲ. ಬ್ಯಾಟರಿ ಉಳಿತಾಯ ತೆಗೆದೆ, ಹಳೆಯ ಆಟಗಳನ್ನು ಅಳಿಸಿದೆ, ನೆಲದ ಮೇಲೆ ಮಲಗಿ ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಚುಚ್ಚಿದೆ. ಪ್ರತಿ ಬದಲಾವಣೆಗೂ ಒಂದು ಕುರ್ರ್, ಪ್ರತಿ ಕುರ್ರಿಗೂ ಒಂದು ಗುದ್ದು. ಹೆಸರಿಡುವ ಮೊದಲೇ ದಾಕ್ಷಾಯಣಿ ಇಡೀ ಓಣಿಯ ಕೂಸುಗಳ ಅತ್ತೆಯಾಗಿಬಿಟ್ಟಿದ್ದಳು.

"ರೀ, ಕಂಪ್ಯೂಟರ್ ಆರಾಮ ಆಗೂದ್ರಾಗ ನಾ ಹಾಸಿಗಿ ಹಿಡಿತೀನಿ."

"ಇದೊಂದ ಕಡೀದು," ಎನ್ನುತ್ತ, ಬೇರೆ ಏನೂ ತೋಚದೆ, ವೈಫೈ ಬಂದ್ ಮಾಡಿದೆ.

ಏನು ಹೇಳಲಿ! ಕೆಂಪು ಪಟ್ಟಿಗಳೆಲ್ಲ ಒಂದೊಂದಾಗಿ ಕೆಳಗಿಳಿದು ಹಸಿರಾದವು. ಬಿತ್ತಿದ ಹೊಲದಲ್ಲಿ ಮೊಳಕೆ ಕಂಡ ಹಾಗೆ ನೋಡುತ್ತ ನಿಂತೆ. ದಾಕ್ಷಾಯಣಿ "ಕುರ್ರ್" ಎಂದಳು. ಸ್ಪೀಕರಿನಿಂದ ಆ ದನಿ ಇಡಿಯಾಗಿ, ತಂಪಾಗಿ, ಪಾರಿವಾಳದ ಕೊರಳಿನಿಂದ ಬಂದಂತೆ ಬಂತು. ಅದರ ಹಿಂದೆ ಗುದ್ದು ಕೂಡ ಎಷ್ಟು ಸ್ಪಷ್ಟ! ಬಳೆಯ ಸದ್ದು ಬೇರೆ, ಬೆನ್ನಿನ ಸದ್ದು ಬೇರೆ!

"ಸಿಕ್ಕ ಕಳ್ಳ!" ಎಂದು ಕೂಗಿದೆ. "ವೈಫೈನ ಡ್ರೈವರು, ಅದನ್ನ ನಡಸೂ ಪ್ರೋಗ್ರಾಮು! ಅಂವನ ಗಿರಣಿ ಹಿಡಕೊಂಡ ಕುಂತಿದ್ದ! ನೋಡ್ರಿ ಶೇವಂತಾಬಾಯಿ, ಇದಕ್ಕ ಅಂತಾರ ವಿದ್ಯಾ!"

"ಖರೇನ ಶಾಣ್ಯಾ ಅದೀರಿ ಗುರೂಜಿ," ಎಂದಳು ಶೇವಂತಾಬಾಯಿ, ಕೈ ನೀವಿಕೊಳ್ಳುತ್ತ.

ಸರಿಯಾಗಿ ಆಗಲೇ ದಾಕ್ಷಾಯಣಿಯ ಫೋನು ರಿಂಗಾಯಿತು. ಶಿವಶರಣ. ದಾಕ್ಷಾಯಣಿ ಎಲ್ಲರಿಗೂ ಕೇಳುವಂತೆ ಮಾಡಿದಳು.

"ಅಕ್ಕಾ, ಕೂಸಿಗಿ ತೊಟ್ಟಲದಾಗ ಹಾಕೇವಿ. ಮಂದಿ ಎಲ್ಲಾ ಕುಂತಾರ. ದಾಜೀಗ ಲಗೂನ ವಿಡಿಯೋ ಹಚ್ಚಂತ ಹೇಳು. ಉಮಾಶ್ರೀ ಅಂತೂ ತೊಟ್ಟಲಕ ಬಗ್ಗೇ ನಿಂತಾಳ!"

"ಈಗ ಹಚ್ಚಿದೆ, ಶಿವೂ!" ಎಂದು ದಾಜಿಯಾದ, ಅಂದರೆ ಭಾವನಾದ, ನಾನು ರಾಜಠೀವಿಯಿಂದ ಒತ್ತಿದೆ. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ವೈಫೈ ಇಲ್ಲದೆ ಕರೆ ಹೋಗುವುದು ಎಲ್ಲಿಗೆ? ನಾನು ಗಿರಣಿಯಿಂದ ಕುತ್ತಿಗೆ ಹಿಡಿದು ಹೊರದಬ್ಬಿದ ಆ ಚೀಲದವನೇ ನಮ್ಮ ದನಿಯನ್ನು ಹೊತ್ತು ವಳಸಂಗಕ್ಕೆ ಮುಟ್ಟಿಸಬೇಕಾದವನು! ಅವನನ್ನು ಒಳಗೆ ಕರೆದೆ: ಟಪ್, ಟಪ್, ಟಪ್. ಹೊರಗೆ ಹಾಕಿದೆ: ಪಾರಿವಾಳ, ಆದರೆ ಪಂಜರದ ಪಾರಿವಾಳ.

ದಾಕ್ಷಾಯಣಿ ಕಪ್ಪು ಕನ್ನಡಕ ತೆಗೆದು ನನ್ನನ್ನು ನೋಡಿದಳು. "ಅಂದ್ರ ನನ್ನ ದನಿ ಚಲೋ ಆತು. ಆದ್ರ ಈ ಟೇಬಲ್ ದಾಟಂಗಿಲ್ಲ. ಹೌದಿಲ್ರಿ?"

"ತಾಂತ್ರಿಕವಾಗಿ ನೋಡಿದ್ರ…"

"ಅಕ್ಕಾ, ಉಮಾಶ್ರೀ ಬಾಯಿ ತಗದಾಳ ನೋಡು!" ಎಂದ ಫೋನಿನೊಳಗಿನ ಶಿವಶರಣ.

"ಒಂದ ನಿಮಿಷ! ಒಂದ ನಿಮಿಷ ತಡೀರಿ ಎಲ್ಲಾರೂ! ಆ ಡ್ರೈವರ್ ಹಳೇದದ, ಅದನ್ನ ಬದಲಿ ಮಾಡಿದ್ರ ಮುಗೀತು!" ಎಂದವನೇ ಹೆಡ್‌ಫೋನನ್ನು ಎರಡೂ ಕಿವಿಗೆ ಜಡಿದುಕೊಂಡು ಪರದೆಯೊಳಕ್ಕೆ ಧುಮುಕಿದೆ. ಹೊರಗಿನ ಲೋಕ ಅಡಗಿತು. ವೈಫೈ ಹಚ್ಚಿ ಹೊಸ ಡ್ರೈವರ್ ಇಳಿಸಿಕೊಂಡೆ, ಹಳೆಯದು ತೆಗೆದು ಅದನ್ನು ಹಾಕಿದೆ, ಮೈಮರೆತು ಪಟ್ಟಿಗಳನ್ನೇ ನೋಡುತ್ತ ಕುಳಿತೆ. ಒಂದು ಹಸಿರಾಯಿತು. ಇನ್ನೊಂದು ಹಸಿರಾಯಿತು. ವೈಫೈ ಇದ್ದೂ ಹಸಿರು! ಕಿವಿಯಲ್ಲಿ ಒಂದೂ ಟಪ್ ಇಲ್ಲ! ಗೆದ್ದೆ ಎಂದು ತಲೆಯೆತ್ತಿದೆ.

ದಾಕ್ಷಾಯಣಿ ಅದೇ ಫೋನನ್ನು ಎರಡೂ ಅಂಗೈಗಳಲ್ಲಿ ಹಿಡಿದು, ತೊಟ್ಟಿಲಿಗೆ ಬಾಗಿದಂತೆ ಅದಕ್ಕೆ ಬಾಗಿ, ಕಣ್ಣು ಮುಚ್ಚಿಕೊಂಡಿದ್ದಳು. ತುಟಿಗಳು ಮೆಲ್ಲಗೆ ಅಲುಗಿದವು. ಮರುಕ್ಷಣ ಶೇವಂತಾಬಾಯಿಯ ಕೈ ಮೇಲೆದ್ದು ಸರ್ವಶಕ್ತಿಯಿಂದ ಇಳಿಯಿತು. ಆ ಗುದ್ದನ್ನು ನಾನು ಕಂಡೆ. ಕೇಳಲಿಲ್ಲ.

ಹೆಡ್‌ಫೋನ್ ಕಿತ್ತೆಸೆದೆ. ಫೋನಿನಲ್ಲಿ ವಳಸಂಗದ ಹೆಂಗಸರ ಜೋಗುಳ, ನಗು, ಕೂಸಿನ ಅಳು, ಎಲ್ಲ ಒಂದೇ ಧಾರೆಯಾಗಿ ಹರಿಯುತ್ತಿತ್ತು. ಎಲ್ಲೂ ಕಡಿಯಲಿಲ್ಲ. ದಾಕ್ಷಾಯಣಿಯ ಕೆಂಪು ಕಣ್ಣುಗಳು ತುಂಬಿ ಹೊಳೆಯುತ್ತಿದ್ದವು.

"ಆತೇನು? ಏನಂತ ಹೆಸರಿಟ್ಟಿ?"

"ಎಂಥಾ ಚಂದನ ಹೆಸರ್ರಿ ಗುರೂಜಿ!" ಎಂದು ಶೇವಂತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನಗ ಅಳುನ ಬಂತು ನೋಡ್ರಿ."

"ಆದ್ರ ಏನದು ಹೆಸರು?"

"ಅತ್ತಿ ಬಾಯಿಂದನ ಕೇಳ್ರಿ. ನಾ ಹೇಳಿದ್ರ ಶೋಭಸಂಗಿಲ್ಲ."

ನಾನು ದಾಕ್ಷಾಯಣಿಯ ಕಡೆ ತಿರುಗಿದೆ. "ಕಂಪ್ಯೂಟರ್ ರಿಪೇರಿ ಆತು ನೋಡು. ಒಂದೂ ಟಪ್ ಇಲ್ಲ. ಈಗ ಬೇಕಾದ್ರ ಇದರಾಗ ಇನ್ನೊಮ್ಮಿ ಹೇಳು, ಎಷ್ಟ ಸ್ವಚ್ಛ ಕೇಳಸ್ತದ…"

"ಇನ್ನಾ ಕಣ್ಣ ಪೂರಾ ಬಿಡದ ಕೂಸಿಗಿ ಒಮ್ಮಿಗೇ ಕೇಳಸ್ತು," ಎಂದಳು ಆಕೆ. ಫೋನನ್ನು ಕಿವಿಗಿಟ್ಟು, "ಶಿವೂ, ಇನ್ನೊಂದೀಟ ಕೂಸಿನ ಹಂತ್ಯಾಕ ಹಿಡಿಯೋ, ಅಳೂದ ಕೇಳ್ತೀನಿ," ಎನ್ನುತ್ತ ಅಂಗಳದ ಕಡೆ ಹೊರಟಳು.

"ಏ ದಾಕ್ಷಾಯಣಿ, ಬರೇ ಮೊದಲನೇ ಅಕ್ಷರರೆ ಹೇಳಿ ಹೋಗ…"

ಆಕೆ ಹೊಸ್ತಿಲು ದಾಟಿಯಾಗಿತ್ತು.