ನಾಲಿಗೆ ಮಾಮನ ಗಂಟಲು

ಎಲ್ಲದಕ್ಕೂ ಕಾರಣ ಅಂಗುಲ ಉದ್ದವೂ ಇಲ್ಲದ ಒಂದು ತುಂಡು ರಸ್ಕು. ಅದು ನಾಲಿಗೆ ಮಾಮನ ಬಾಯಿಯಿಂದ ಹೊರಟಿತು, ಹೊಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. ಎದೆಯ ನಡುವೆ ಎಲ್ಲೋ ಠಿಕಾಣಿ ಹೂಡಿಬಿಟ್ಟಿತು.

ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಒಲೆಯಿಂದ ಇಳಿದ ಒಂದೊಂದು ತಟ್ಟೆಯಿಂದಲೂ ಒಂದೊಂದನ್ನು ಕಚ್ಚಿ, ಅಗಿದು, ನುಂಗಿ, ‘ಹೋಗಲಿ’ ಅಥವಾ ‘ಬೇಡ’ ಎಂದು ಚೀಟಿ ಬರೆಯುತ್ತಿದ್ದ. ಹೆಸರು ಬಂದದ್ದೂ ಹಾಗೇ. ಆದರೆ ಎಂಟು ತಿಂಗಳಿಂದ ಗಟ್ಟಿ ಪದಾರ್ಥ ಅವನ ಗಂಟಲಿಳಿಯುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕಿವುಚಿ ಗಂಜಿ ಮಾಡಿಕೊಡುತ್ತಿದ್ದಳು. “ಡಾಕ್ಟರಿಗೆ ತೋರಿಸಿ” ಎಂದರೆ “ನಾಳೆ” ಎನ್ನುತ್ತಿದ್ದ. ಅವನ ಅಪ್ಪನಿಗೂ ಹೀಗೇ ಶುರುವಾಗಿ ಮೂರು ತಿಂಗಳಲ್ಲಿ ಎಲ್ಲ ಮುಗಿದಿತ್ತು. ನಾಳೆ, ನಾಳೆ ಎನ್ನುತ್ತಿರುವಷ್ಟು ದಿನ ತಾನು ಬದುಕಿರುತ್ತೇನೆಂದು ಅವನ ಲೆಕ್ಕ. ಕಾರ್ಖಾನೆಯಲ್ಲಿ ಮಾತ್ರ ಯಾರಿಗೂ ಹೇಳಿರಲಿಲ್ಲ. ನುಂಗಲಾರದ ರುಚಿಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಇಳಿಯದ್ದನ್ನು ಕರವಸ್ತ್ರಕ್ಕೆ ಉಗಿದು, ‘ಬೇಡ’ ಎಂದು ಬರೆದು ದಿನ ತಳ್ಳುತ್ತಿದ್ದ.

ಆ ಬೆಳಿಗ್ಗೆ ಯಜಮಾನರು ಒಬ್ಬ ಸಗಟು ವ್ಯಾಪಾರಿಯನ್ನು ನೇರ ಅವನ ಮೇಜಿನ ಮುಂದೆಯೇ ತಂದು ನಿಲ್ಲಿಸಿದರು.

“ನಮ್ಮ ಹೊಸ ರಸ್ಕು. ಇವನು ಒಪ್ಪಿದ್ರೆ ಊರೇ ಒಪ್ಪಿದ ಹಾಗೆ. ನುಂಗಪ್ಪ.”

ನಾಲ್ಕು ಕಣ್ಣುಗಳು ಅವನ ಗಂಟಲ ಮೇಲೆಯೇ ನೆಟ್ಟಿದ್ದವು. ಕರವಸ್ತ್ರ ತೆಗೆಯುವಂತಿರಲಿಲ್ಲ. ನುಂಗಿದ.

ಮುಖ ಬಿಳಿಚಿತು. ಉಗ್ರಾಣದವನು ಓಡಿಬಂದು ಹಾಸಿಗೆಯ ಧೂಳು ಕೊಡವುವವನಂತೆ ಬೆನ್ನಿಗೆ ಬಡಿಯತೊಡಗಿದ. ಟೈಪಿಸ್ಟ್ ಅಕ್ಕ “ಕೈ ಎರಡೂ ಮೇಲೆತ್ತಿ, ಇಳಿದುಬಿಡುತ್ತೆ” ಎಂದಳು. ಮಾಮ ಪೊಲೀಸರಿಗೆ ಶರಣಾದ ಕಳ್ಳನಂತೆ ಕೈಯೆತ್ತಿ ನಿಂತ. ಒಲೆಯ ಮೇಸ್ತ್ರಿ ಒಂದು ಚೆಂಬು ನೀರು ತಂದು ಬಾಯಿಗೆ ಸುರಿದ. ಕೆಳಗೆ ದಾರಿ ಇಲ್ಲದ ನೀರು ಬಂದ ದಾರಿಯಲ್ಲೇ ತಿರುಗಿ ವ್ಯಾಪಾರಿಯ ಬಿಳಿ ಅಂಗಿಯ ಮೇಲೆ ಬಿತ್ತು.

“ಉಸಿರು ಆಡ್ತಿದೆಯೇನೋ?” ಎಂದರು ಯಜಮಾನರು, ಅಂಗಿ ಒರೆಸುತ್ತ.

“ಉಸಿರೂ ಇದೆ, ರಸ್ಕೂ ಇದೆ” ಎಂದ ಮಾಮ, ಕಣ್ಣಲ್ಲಿ ನೀರು ತುಂಬಿಕೊಂಡು.

ಸರಕು ಸಾಗಿಸುವ ವ್ಯಾನಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಕೂರಿಸಿ ಆಸ್ಪತ್ರೆಗೆ ಒಯ್ದರು. ಜೊತೆಗೆ ಉಗ್ರಾಣದವನು.

“ಹೆದರ್ಬೇಡ ಮಾಮ. ನಮ್ಮ ದೊಡ್ಡಪ್ಪನಿಗೂ ಹಿಂಗೇ ಆಗಿತ್ತು.”

“ಆಮೇಲೆ?”

“ಆಮೇಲೇನು. ಒಳ್ಳೆ ಮನುಷ್ಯ ಆಗಿದ್ರು.”



ಸುದ್ದಿ ಕೇಳಿದ ಹೆಂಡತಿ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಬಂದಿದ್ದಳು. ಒಳಗೆ ತಳ್ಳಿಕೊಂಡು ಹೋಗುವ ಮುನ್ನ ಅವನು ಅವಳ ಕೈ ಹಿಡಿದುಕೊಂಡ. ಕೊನೆಯ ಮಾತು ಎಂಬಂತೆ, “ಗಂಜಿ ಚೆನ್ನಾಗಿತ್ತು ಕಣೇ” ಎಂದ.

“ಯಾವತ್ತಿನದು?”

“ಎಲ್ಲಾ ದಿನದ್ದೂ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಎಚ್ಚರವಾದಾಗ ಡಾಕ್ಟರು ಪಕ್ಕದಲ್ಲಿದ್ದರು. “ದೀಪ ಇರೋ ಕೊಳವೆ ಇಳಿಸಿ ರಸ್ಕು ತೆಗೆದ್ವಿ. ವರ್ಷಗಟ್ಟಲೆ ಎದೆಯುರಿ ಇತ್ತು ಅಂದ್ರಲ್ಲ, ಆ ಹುಳಿಯಿಂದಲೇ ಅನ್ನನಾಳದಲ್ಲಿ ಗಾಯ ಆಗಿ, ಮಾಗಿ, ಕಿರಿದಾಗಿತ್ತು. ಒಳಗೇ ಸಣ್ಣ ಬಲೂನು ಉಬ್ಬಿಸಿ ಅಗಲ ಮಾಡಿದೀವಿ. ಅಲ್ಲಿನ ಮಾಂಸದ ಚೂರು ಪರೀಕ್ಷೆಗೆ ಕಳಿಸಿದೀನಿ, ನೋಡೋಕೆ ಕೆಟ್ಟದ್ದೇನೂ ಕಾಣಲಿಲ್ಲ.”

ಎಂಟು ತಿಂಗಳು ಸಾವನ್ನು ಎದೆಯಲ್ಲಿಟ್ಟುಕೊಂಡು ತಿರುಗಿದ್ದ ಮನುಷ್ಯ ಮಗುವಿನಂತೆ ಅತ್ತ. ಎರಡು ಗಂಟೆ ಕಳೆದ ಮೇಲೆ ಹೆಂಡತಿ ನೀರು ಕೊಟ್ಟಳು. ಎಲ್ಲಿಯೂ ನಿಲ್ಲದೆ, ಯಾರನ್ನೂ ಕೇಳದೆ ಸೀದಾ ಇಳಿಯಿತು.

ಆಗಲೇ ಯಜಮಾನರು ಬಂದರು. ಮತ್ತೆ ನೋಡಲು ಬಂದಿದ್ದ ಡಾಕ್ಟರಿಂದ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡರು.

“ಪೂರ್ತಿ ಅಗಲ ಮಾಡಿಬಿಟ್ರಾ ಡಾಕ್ಟ್ರೇ?”

“ಈಗ ಸಾಕಷ್ಟು. ಇನ್ನೊಂದೆರಡು ಸಲ ಮಾಡಬೇಕಾಗಬಹುದು.”

ಯಜಮಾನರು ಮಂಚದ ತುದಿಯಲ್ಲಿ ಕುಸಿದು ಕೂತರು. “ಎಂಟು ತಿಂಗಳಿಂದ ಗಟ್ಟಿ ಮಾಲು ಒಂದನ್ನೂ ನೀನು ಒಪ್ಪಿಲ್ಲ. ಒಲೆಯವರು ನಿನ್ನನ್ನ ಬೈಕೊಂಡೇ ಮೆತ್ತಗೆ ಮಾಡೋದು ಕಲಿತ್ರು. ಹಲ್ಲು ಹೋದವರು, ಹಲ್ಲು ಬರದವರು, ಎಲ್ಲರಿಗೂ ಈಗ ನಮ್ಮ ಬಿಸ್ಕತ್ತೇ ಬೇಕು. ನಾನು ಇದೆಲ್ಲ ನಿನ್ನ ನಾಲಿಗೆಯ ಗುಣ ಅನ್ಕೊಂಡಿದ್ದೆ. ನೋಡಿದ್ರೆ ಗಂಟಲಿನದು.”

“ಇನ್ನು ಮೇಲೂ ಹಾಗೇ ನೋಡ್ತೀನಿ ಯಜಮಾನ್ರೇ.”

“ಹೆಂಗೆ ನೋಡ್ತೀಯ? ಇನ್ನು ನಿನಗೆ ಕಲ್ಲು ಕೊಟ್ರೂ ಇಳಿಯುತ್ತೆ.” ಅವರು ನಿಟ್ಟುಸಿರುಬಿಟ್ಟರು. “ಪ್ಯಾಕಿಂಗ್‌ನಲ್ಲಿ ಒಂದು ಜಾಗ ಇದೆ. ಡಬ್ಬಕ್ಕೆ ಚೀಟಿ ಅಂಟಿಸೋದು.”

ಮಾಮ ಹೆಂಡತಿಯ ಮುಖ ನೋಡಿದ. ಅವಳು ಖಾಲಿ ಲೋಟ ನೋಡುತ್ತಿದ್ದಳು.

ಬಾಗಿಲಲ್ಲಿ ಯಾರೋ ಕಷ್ಟಪಟ್ಟು ಉಗುಳು ನುಂಗಿದ ಸದ್ದಾಯಿತು. ಉಗ್ರಾಣದವನು ಎದೆ ಹಿಡಿದುಕೊಂಡು ನಿಂತಿದ್ದ.

“ಹೇಳಬಾರದು ಅನ್ಕೊಂಡಿದ್ದೆ ಯಜಮಾನ್ರೇ. ನನಗೂ ಎರಡು ವಾರದಿಂದ ಏನೂ ಇಳೀತಿಲ್ಲ.”

ಯಜಮಾನರು ಎದ್ದರು. ಇದ್ದ ಒಂದೇ ಕುರ್ಚಿಯನ್ನು ತಾವೇ ಎಳೆದು ಅವನನ್ನು ಮೆಲ್ಲಗೆ ಕೂರಿಸಿದರು. ಆಮೇಲೆ ಡಾಕ್ಟರಿಗೆ ಬೆನ್ನು ತಿರುಗಿಸಿ ನಿಂತು, ದನಿ ತಗ್ಗಿಸಿ ಕೇಳಿದರು:

“ಯಾರಿಗೂ ತೋರಿಸಿಲ್ಲ ತಾನೆ?”